ಅದು ನ್ಯಾಟ್ ಅಲ್ಲ, ಮಿಸ್ಟೇರ್

ಮಾನ್ಯರೇ,

ಈ ಸಲ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ನಮ್ಮೂರಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದ ಮೇಲೆ ಭಾಷಣ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು ಬಂತು, ಖುಷಿಯಾಯಿತು. ಆದರೆ ದೇವಯ್ಯ ನ್ಯಾಟ್ ಯುದ್ಧವಿಮಾನ ಹಾರಿಸುತ್ತಿದ್ದರು, ಪಾಕಿಸ್ತಾನಕ್ಕೆ ಸೆರೆಸಿಕ್ಕಿ ಅಲ್ಲೇ ತೀರಿಕೊಂಡರು ಅಂತ ಭಾಷಣಕಾರರು ಅಂದುಬಿಟ್ಟರು!

ಸೆರೆ ಸಿಕ್ಕಿದ್ದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ. ಹಂಟರ್ ಅನ್ನುವ ಯುದ್ಧವಿಮಾನದ ಪೈಲಟ್. ಅವರು ಬದುಕಿ ವಾಪಸ್ ಬಂದರು.

ದೇವಯ್ಯನವರದು ಬೇರೆಯೇ ಕತೆ. ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದ 1965ರ ಸೆಪ್ಟೆಂಬರ್ 7, ಊರಲ್ಲಿ ಕೈಲ್ ಪೊಳ್ದ್ ಮುಗಿದು ನಾಲ್ಕೇ ದಿನ. ಅಂದು ಬೆಳಗ್ಗೆ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಮೀಸಲು ಪೈಲಟ್ ಅಷ್ಟೆ, ಆದರೂ ತಂಡದ ಜೊತೆ ಹೋದರು. ಹಿಂತಿರುಗುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಬೆನ್ನು ಹತ್ತಿತು. ಅದರ ವೇಗ ಶಬ್ದದ ಎರಡು ಪಟ್ಟು. ಮಿಸ್ಟೇರ್ ಸಮಮಟ್ಟದಲ್ಲಿ ಹಾರಿದರೆ ಶಬ್ದದ ವೇಗವನ್ನೂ ಮುಟ್ಟುವುದಿಲ್ಲ. ಮೊದಲು ಏಟು ತಿಂದವರು ದೇವಯ್ಯ. ಆದರೂ ಆ ಪೆಟ್ಟುಬಿದ್ದ ವಿಮಾನದಲ್ಲೇ ಕಾದಾಡಿ ಸ್ಟಾರ್‌ಫೈಟರ್ ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿಕೊಂಡರು. ದೇವಯ್ಯ ಬರಲಿಲ್ಲ. ಆಗ ಅವರಿಗೆ 32 ವರ್ಷ.

ಇದನ್ನು ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಸುಮ್ನೆ 'ನಾಪತ್ತೆ' ಅಂತ ಬರೆದುಕೊಂಡರು. 1979ರಲ್ಲಿ ಇಂಗ್ಲಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಪುಸ್ತಕ ಬರೆದಾಗ ವಿಷಯ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ಅವರ ಪತ್ನಿ ಅಷ್ಟು ವರ್ಷ ಕಾಯಬೇಕಾಯಿತು.

ಭಾಷಣ ಮುಗಿದ ಮೇಲೆ ಹೋಗಿ ಹೇಳಿದೆ. "ಯಾವ ವಿಮಾನ ಆದ್ರೇನು ಬಿಡಿ ಅಂಕಲ್, ವೀರ ವೀರನೇ ಅಲ್ವಾ" ಅಂದರು. ನಾನು ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವನು, ನ್ಯಾಟ್ ಬಿಚ್ಚಿ ಜೋಡಿಸಿದ ಕೈ ಇದು. ಪುಟ್ಟ ನ್ಯಾಟ್ ಚುರುಕು, ಅದು ಸ್ಟಾರ್‌ಫೈಟರ್ ಹೊಡೆದಿದ್ದರೆ ಅಷ್ಟು ಆಶ್ಚರ್ಯವಿಲ್ಲ. ನೆಲದ ಮೇಲೆ ದಾಳಿ ಮಾಡಲು ಹೋದ ಮಿಸ್ಟೇರ್ ಅದನ್ನು ಕೆಡವಿತು ಅನ್ನುವುದೇ ಇಲ್ಲಿನ ವಿಷಯ. ವಿಮಾನದ ಹೆಸರು ತಪ್ಪಿದರೆ ಅವರು ಮಾಡಿದ್ದು ಏನು ಅಂತಲೇ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 7ಕ್ಕೆ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತಕ್ಕೆ ಹಾರ ಹಿಡಿದುಕೊಂಡು ಬರುವವರು ಮೈಕ್ ಹಿಡಿಯುವ ಮುಂಚೆ ಈ ನಾಲ್ಕು ಸಾಲು ಓದಿಕೊಂಡು ಬರಲಿ.

– ನಿವೃತ್ತ ವಾಯುಪಡೆ ಫಿಟ್ಟರ್, ವಿರಾಜಪೇಟೆ