ಪುಟ್ಟಿಯ ಅನುಪಾತದ ಲೆಕ್ಕ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂತು.

ಅನುಪಾತದ ಲೆಕ್ಕ ಕಂಡರೆ ಸಾಕು, ಪುಟ್ಟಿ ಅಳುತ್ತಾಳೆ ಅಂತ ಬರೆದಿದ್ದೀಯ. ಓದಿ ತುಂಬಾ ಸಂಕಟವಾಯಿತು. ಅವಳು ದಡ್ಡಿ ಅಲ್ಲ ಅಕ್ಕ. ಅವಳೆದುರು ಯಾರೂ ಆ ಮಾತು ಆಡಬಾರದು. ಭಾವನಿಗೂ ಹೇಳು.

ನೀನು ಬರೆದು ಕಳಿಸಿದ ಲೆಕ್ಕವನ್ನೇ ನೋಡು. ಇಬ್ಬರ ವಯಸ್ಸು 5:3 ಅನುಪಾತದಲ್ಲಿದೆ. 6 ವರ್ಷ ಕಳೆದ ಮೇಲೆ 3:2 ಆಗುತ್ತದೆ. ಈಗ ಅವರ ವಯಸ್ಸೆಷ್ಟು? ಪುಟ್ಟಿ 5ಕ್ಕೆ 6 ಕೂಡಿಸಿ 11 ಅಂತ ಬರೆದಿದ್ದಾಳೆ. ಅವಳು ಎಡವಿದ್ದು ಅಲ್ಲೊಂದೇ ಕಡೆ. 5 ಇಲ್ಲಿ ವಯಸ್ಸಲ್ಲ, ಪಾಲು. ಒಂದು ಪಾಲಿಗೆ ಎಷ್ಟು ವರ್ಷ ಅಂತ ಗೊತ್ತಿಲ್ಲ, ಅದಕ್ಕೇ ಎಕ್ಸ್ ಅಂತ ಇಟ್ಟುಕೊಳ್ಳುವುದು. ಆಗ ವಯಸ್ಸು 5ಎಕ್ಸ್ ಮತ್ತು 3ಎಕ್ಸ್. ಪಾಲುಗಳೆಲ್ಲ ಸಮ, ಹಾಗಾಗಿ ಇಬ್ಬರಿಗೂ ಅದೇ ಎಕ್ಸ್. ಇದೊಂದು ಅವಳ ಮನಸ್ಸಿಗೆ ಹೋಗಲಿ, ಮಿಕ್ಕಿದ್ದು ಸುಲಭ.

(5ಎಕ್ಸ್ + 6) : (3ಎಕ್ಸ್ + 6) = 3 : 2

ಅಡ್ಡ ಗುಣಿಸಿದರೆ 10ಎಕ್ಸ್ + 12 = 9ಎಕ್ಸ್ + 18. ಎಕ್ಸ್ 6 ಬಂತು. ಅಲ್ಲಿಗೇ ನಿಲ್ಲಿಸಬಾರದು, ಕೇಳಿದ್ದು ವಯಸ್ಸು. 30 ಮತ್ತು 18. ತಾಳೆಯನ್ನೂ ನೋಡಲಿ: 6 ವರ್ಷದ ಮೇಲೆ 36 ಮತ್ತು 24, ಅಂದರೆ 3:2. ಸರಿಯಾಯಿತು.

ಇಲ್ಲಿ ಸಿಂಗಾಪುರದಲ್ಲಿ ಇದನ್ನೇ ಬೇರೆ ಥರ ಮಾಡುತ್ತಾರೆ. ಪ್ರೈಮರಿ ಮಕ್ಕಳು ಎಕ್ಸ್ ಕಲಿಯುವ ಮೊದಲೇ ಪಾಲಿಗೊಂದು ಚೌಕದಂತೆ ಉದ್ದ ಪಟ್ಟಿ ಬರೆಯುತ್ತಾರೆ. 1980ರ ದಶಕದಿಂದ ಇಲ್ಲಿ ಹೀಗೆ ಕಲಿಸುತ್ತಿದ್ದಾರೆ. ವರ್ಷ ಎಷ್ಟೇ ಕಳೆದರೂ ಇಬ್ಬರ ವಯಸ್ಸಿನ ಅಂತರ ಬದಲಾಗುವುದಿಲ್ಲ, ಅಲ್ವಾ? 5:3ರಲ್ಲಿ ಅಂತರ 2 ಪಾಲು, 3:2ರಲ್ಲಿ 1 ಪಾಲು. 3:2 ಅನ್ನು 6:4 ಮಾಡಿದರೆ ಅಲ್ಲೂ 2 ಪಾಲಾಯಿತು. ಈಗ 5 ಪಾಲು ಇದ್ದದ್ದು 6 ಆಗಿದೆ. ಹೆಚ್ಚಾದ ಆ ಒಂದು ಪಾಲೇ 6 ವರ್ಷ! ಎಷ್ಟು ಚೆಂದ ನೋಡು. ಹಾಗಂತ ನಮ್ಮ ಎಕ್ಸ್ ಏನೂ ಕಡಿಮೆಯಲ್ಲ. ಸಂಖ್ಯೆಗಳು ಜಾಸ್ತಿ ತೊಡಕಾದಾಗ ಕೈ ಹಿಡಿಯುವುದು ಅದೇ. ಪುಟ್ಟಿ ಮೊದಲು ಪಟ್ಟಿ ಬರೆಯಲಿ, ಆಮೇಲೆ ಎಕ್ಸ್.

ನೀನು ಸುಮ್ನೆ ಚಿಂತೆ ಮಾಡಬೇಡ. ಅವಳು ಖಂಡಿತ ಪಾಸಾಗುತ್ತಾಳೆ, ಒಳ್ಳೆಯ ಅಂಕವೇ ಬರುತ್ತದೆ. ನನಗೆ ಒಂದಿಷ್ಟೂ ಅನುಮಾನವಿಲ್ಲ. ಭಾನುವಾರ ಫೋನ್ ಮಾಡುತ್ತೇನೆ, ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಿರು. ಕೆಲಸಕ್ಕೆ ಹೊತ್ತಾಯಿತು, ಹೊರಟೆ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ