ದ್ವೇಷದ ಸಂದೇಶಗಳ ವಿಚಾರವಾಗಿ ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

2012ರ ಆಗಸ್ಟ್‌ನಲ್ಲಿ, ರಂಜಾನ್ ಮುಗಿದೊಡನೆ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಸುಳ್ಳು ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಬೆಂಗಳೂರಿನಲ್ಲಿ ದುಡಿಯುತ್ತಿದ್ದ, ಓದುತ್ತಿದ್ದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ದೇಶದಾದ್ಯಂತ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ 15 ದಿನಗಳ ಮಟ್ಟಿಗೆ ಐದರ ಮಿತಿ ಹೇರುವಷ್ಟರಲ್ಲಿ ವಿಶೇಷ ರೈಲುಗಳು ಹೊರಟಾಗಿತ್ತು. ಹೆದರಿಸಿದವರನ್ನು ಬೇಗ ಹಿಡಿಯಲಾಗದ ವ್ಯವಸ್ಥೆ, ಎಲ್ಲರ ಮಾತಿಗೂ ಕಡಿವಾಣ ಹಾಕಿತು. ತಮ್ಮ ಇಲಾಖೆ ಇಂದಿಗೂ ಈ ಎರಡು ತಪ್ಪುಗಳ ನಡುವೆಯೇ ದಾರಿ ಹುಡುಕಬೇಕಾಗಿದೆ.

ಆ ದಾರಿಯನ್ನು ಸುಪ್ರೀಂ ಕೋರ್ಟ್ ಬಹುಮಟ್ಟಿಗೆ ತೋರಿಸಿಕೊಟ್ಟಿದೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ರದ್ದುಪಡಿಸಿದಾಗ ಅದು ಚರ್ಚೆ, ಪ್ರತಿಪಾದನೆ ಮತ್ತು ಪ್ರಚೋದನೆಗಳನ್ನು ಬೇರ್ಪಡಿಸಿ, ಮೊದಲ ಎರಡು ಎಷ್ಟೇ ಅಪ್ರಿಯವಾಗಿದ್ದರೂ ಸಂವಿಧಾನದ 19ನೇ ವಿಧಿಯ ರಕ್ಷಣೆಯಲ್ಲಿವೆ ಎಂದಿತು. ಒಂದು ಧರ್ಮದ ಆಚರಣೆಯನ್ನು, ಒಂದು ಜಾತಿಯ ಯಜಮಾನಿಕೆಯನ್ನು, ತಮ್ಮನ್ನೂ ಸೇರಿಸಿ ಯಾವುದೇ ಸಚಿವರನ್ನು ಕಟುವಾಗಿ ಟೀಕಿಸುವುದು ಅಪರಾಧವಲ್ಲ. ವಚನಕಾರರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದೇ ನೋವಿನ ಸಂಗತಿ. ಆದರೆ ಇಂಥ ಜನರಿಗೆ ಮನೆ ಕೊಡಬೇಡಿ, ಇವರ ಅಂಗಡಿಗಳನ್ನು ಸುಟ್ಟುಹಾಕಿ ಎಂದು ಕರೆ ಕೊಡುವುದು ಟೀಕೆಯಲ್ಲ. ಅದಕ್ಕೆ ಗುರಿಯಾದ ಮನುಷ್ಯ ನಾಳೆ ಬೆಳಿಗ್ಗೆ ಅದೇ ಬೀದಿಯಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯಬೇಕು.

ಇಂಥ ಭಾಷಣಗಳ ವಿಷಯದಲ್ಲಿ ದೂರಿಗಾಗಿ ಕಾಯದೆ, ಮಾತನಾಡಿದವರ ಧರ್ಮ ನೋಡದೆ ಪ್ರಕರಣ ದಾಖಲಿಸಬೇಕೆಂದು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸುಪ್ರೀಂ ಕೋರ್ಟ್‌ನಿಂದ ಆದೇಶವಾಗಿದೆ. 2025ರ ಮಾರ್ಚ್‌ನಲ್ಲಿ, ಕವಿತೆಯೊಂದಕ್ಕಾಗಿ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರ್ ರದ್ದುಪಡಿಸುತ್ತಾ ಅದೇ ನ್ಯಾಯಾಲಯ, ಮೂರರಿಂದ ಏಳು ವರ್ಷ ಶಿಕ್ಷೆಯ ವ್ಯಾಪ್ತಿಯ ಮಾತಿನ ಪ್ರಕರಣಗಳಲ್ಲಿ ಪೊಲೀಸ್ ತನಿಖೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮಿನಂತೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತವೆಂದಿದೆ. ಅದಕ್ಕಿರುವ ಅವಧಿ 14 ದಿನ. ಇವೆರಡೂ ಪರಸ್ಪರ ವಿರುದ್ಧವಲ್ಲ: ತಾನಾಗಿ ಮುಂದಾಗುವ ಹೊಣೆ ಒಂದು, ವಿವೇಚಿಸಿ ಮುಂದಾಗುವ ಹೊಣೆ ಇನ್ನೊಂದು.

ಆದ್ದರಿಂದ ದ್ವೇಷ ಭಾಷಣದ ವಿರುದ್ಧ ಹೊಸ ಕಾನೂನು ಬರಲಿ, ಬಾರದಿರಲಿ, ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಗುಂಪುಗಳ ನಡುವೆ ದ್ವೇಷ ಬೆಳೆಸುವುದನ್ನು ಶಿಕ್ಷಿಸುವ, ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮನ್ನು ಹಚ್ಚುವ ಮುನ್ನ, ಯಾವ ಮಾತು, ಯಾರ ವಿರುದ್ಧ, ಯಾವ ಕೃತ್ಯಕ್ಕೆ ಪ್ರಚೋದಿಸುತ್ತದೆ ಎಂಬುದನ್ನು ಅಧಿಕಾರಿ ಲಿಖಿತವಾಗಿ ದಾಖಲಿಸಬೇಕು. ಪ್ರಕರಣ ಬೇಡವೆಂದು ನಿರ್ಧರಿಸಿದರೂ ಕಾರಣವನ್ನು ದೂರುದಾರರಿಗೆ ಬರೆದು ಕೊಡಬೇಕು. ಹೀಗೆಂದು ತಮ್ಮ ಇಲಾಖೆಯ ಸುತ್ತೋಲೆಯೊಂದು ಪ್ರತಿ ಠಾಣೆಗೂ ಕನ್ನಡದಲ್ಲಿ ತಲುಪಲಿ, ಆಳುವ ಪಕ್ಷದ ಭಾಷಣಕಾರರಿಗೂ ಅದೇ ಅಳತೆಯಲ್ಲಿ ಅನ್ವಯವಾಗಲಿ.

ಇಂತಿ,
ರಾಜ್ಯದ ಒಬ್ಬ ನಾಗರಿಕ