ನರಿಟಾದಲ್ಲಿ ಇಳಿದರೆ ಮೊದಲು ಹಾವುಮೀನಿನ ಊಟ

ಪ್ರೀತಿಯ ಗೆಳೆಯ,

ವಿಮಾನ ನರಿಟಾಕ್ಕೆ ಬರುತ್ತದೆ ಅಂತ ಬರೆದಿದ್ದೀಯ. ಒಳ್ಳೆಯದಾಯಿತು. ಇಳಿದ ಕೂಡಲೇ ಟೋಕಿಯೊಗೆ ಓಡಬೇಡ ಮಾರಾಯ. ಕೇಸೇ ರೈಲು ಹತ್ತಿದರೆ ಹತ್ತು ನಿಮಿಷಕ್ಕೆ ನರಿಟಾ ಪೇಟೆ ಸಿಗುತ್ತದೆ. ಸ್ಟೇಷನ್ನಿನಿಂದ ಶಿನ್ಶೋಜಿ ದೇವಸ್ಥಾನದವರೆಗೆ ಒಂದು ಬೀದಿ ಇದೆ. ಕೊನೆಯ ತಿರುವಿನಲ್ಲಿ ಇಳಿಜಾರು ಶುರುವಾಗುವಾಗ ಹೊಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲೇ ನಿಲ್ಲು.

ಈ ಊರಿಗೂ ಹಾವುಮೀನಿಗೂ ಹಳೆಯ ನಂಟು. ಹತ್ತಿರದಲ್ಲೇ ಇನ್ಬಾ ಕೆರೆ, ತೊನೆ ನದಿ. ಎಡೊ ಕಾಲದಲ್ಲಿ (1603–1868) ದೂರದಿಂದ ನಡೆದು ಬಂದ ಯಾತ್ರಿಕರಿಗೆ ಅಲ್ಲಿ ಹಿಡಿದ ಮೀನನ್ನೇ ಸುಟ್ಟು ಬಡಿಸುತ್ತಿದ್ದರು.

ಕೆಲವು ಅಂಗಡಿಗಳಲ್ಲಿ ಬೀದಿಗೆ ಕಾಣುವಂತೆ ಮೀನು ಸೀಳುತ್ತಾರೆ. ತಪ್ಪದೆ ನೋಡು. ಜೀವಂತ ಮೀನಿನ ತಲೆಗೆ ಮೊಳೆಯಂಥ ಕಬ್ಬಿಣ ಹೊಡೆದು ಹಲಗೆಗೆ ನಿಲ್ಲಿಸುತ್ತಾರೆ. ಬೆನ್ನಿನ ಕಡೆಯಿಂದ ಚೂರಿ ಹಾಕಿ ಒಂದೇ ಎಳೆತಕ್ಕೆ ಬಾಲದವರೆಗೆ ಬಿಡಿಸುತ್ತಾರೆ. ಆಮೇಲೆ ಮುಳ್ಳು ತೆಗೆದು ಕಡ್ಡಿಗೆ ಚುಚ್ಚುವುದು. ಒಸಾಕಾ ಕಡೆ ಹೊಟ್ಟೆಯಿಂದ ಸೀಳಿ ನೇರವಾಗಿ ಕೆಂಡಕ್ಕೆ ಹಾಕುತ್ತಾರೆ. ಇಲ್ಲಿ ಹಾಗಲ್ಲ. ಒಮ್ಮೆ ಸುಟ್ಟು, ಆವಿಯಲ್ಲಿ ಬೇಯಿಸಿ, ಸೋಯಾ ಸಾಸ್ ಮತ್ತು ಮಿರಿನ್ ಅನ್ನುವ ಸಿಹಿ ಅಕ್ಕಿ ಮದ್ಯ ಬೆರೆಸಿದ ಸಾರದಲ್ಲಿ ಅದ್ದಿ ಮತ್ತೆ ಸುಡುತ್ತಾರೆ. ಕಡ್ಡಿ ಚುಚ್ಚಲು ಕಲಿಯಲು ಮೂರು ವರ್ಷ, ಸೀಳಲು ಎಂಟು, ಸುಡಲು ಇಡೀ ಜೀವಮಾನ ಅನ್ನುತ್ತಾರೆ ಇಲ್ಲಿಯವರು. ಆ ಕೈಗಳನ್ನು ನೋಡಿದ ಮೇಲೆ ನನಗೆ ಅದು ಉತ್ಪ್ರೇಕ್ಷೆ ಅನಿಸಲೇ ಇಲ್ಲ.

ಇಷ್ಟಕ್ಕೆಲ್ಲ ಹೊತ್ತು ಬೇಕಲ್ವಾ? ಸರದಿ ಚೀಟಿ ಕೊಡುವ ಅಂಗಡಿಯಾದರೆ ಅದನ್ನು ತೆಗೆದುಕೊಂಡು ದೇವಸ್ಥಾನಕ್ಕೆ ಹೋಗಿ ಬಾ. ಅಲ್ಲಿ ದಿನವೂ ಗೋಮ ನಡೆಯುತ್ತದೆ. ನಮ್ಮ ಹೋಮವೇ ಬೌದ್ಧರ ಜೊತೆ ಅಷ್ಟು ದೂರ ಹೋದದ್ದು. ಬೆಂಕಿ, ಮಂತ್ರ, ಡೋಲಿನ ಸದ್ದು ಎಲ್ಲ ಇದೆ.

ಉನಾಜೂ ಕೇಳು. ಅರಗಿನ ಪೆಟ್ಟಿಗೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಮೀನು. ಜೊತೆಗೆ ಮೀನಿನದೇ ಪಿತ್ತಜನಕಾಂಗ ಹಾಕಿದ ತಿಳಿಸಾರು. ಮುಚ್ಚಳ ತೆಗೆದಾಗ ಮೀನು ಕಂದು ಬಣ್ಣಕ್ಕೆ ತಿರುಗಿ ಮಿರಮಿರ ಹೊಳೆಯುತ್ತಿರುತ್ತದೆ, ಅಂಚು ಮಾತ್ರ ಸ್ವಲ್ಪ ಕರಕಲು. ಚಾಪ್‌ಸ್ಟಿಕ್ ತಾಗಿಸಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಮೊದಲು ಸಿಹಿ, ಆಮೇಲೆ ಹೊಗೆ, ಕೊನೆಗೆ ಕೊಬ್ಬು. ಸಾರ ಇಳಿದ ಕೆಳಗಿನ ಅನ್ನ ನನಗೆ ಮೀನಿಗಿಂತ ಜಾಸ್ತಿ ಇಷ್ಟ. ಮೇಜಿನ ಮೇಲೆ ಸಾಂಶೊ ಅನ್ನುವ ಹಸಿರು ಪುಡಿ ಇರುತ್ತದೆ, ಒಂದು ಚಿಟಿಕೆ ಹಾಕು. ನಿಮ್ಮ ಮನೆಯಲ್ಲಿ ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ಕುಲದ್ದೇ ಅದು. ಅದೇ ರೀತಿ ನಾಲಿಗೆ ಜುಮ್ಮೆನ್ನುತ್ತದೆ. ನಿನಗಂತೂ ಕೂಡಲೇ ಗುರುತು ಸಿಗುತ್ತದೆ.

ನಾಲ್ಕೈದು ಸಾವಿರ ಯೆನ್ ಆಗುತ್ತದೆ. ದುಬಾರಿಯೇ. ಆದರೆ ಇದು ಅಗ್ಗವಾಗಬಾರದು ಅಂತಲೇ ನನ್ನ ಅನಿಸಿಕೆ. ಈ ಮೀನು ಮೊಟ್ಟೆ ಇಡುವುದು ದೂರದ ಮರಿಯಾನಾ ದ್ವೀಪಗಳ ಪಶ್ಚಿಮದ ಕಡಲಿನಲ್ಲಿ. ಮರಿಗಳು ಪ್ರವಾಹದ ಜೊತೆ ತೇಲುತ್ತಾ ಜಪಾನಿನ ನದಿ ಬಾಯಿಗಳಿಗೆ ಬರುತ್ತವೆ. ಕೊಳಗಳಲ್ಲಿ ಸಾಕಿದ್ದು ಅಂದರೂ ಹೆಚ್ಚಾಗಿ ಆ ಮರಿಗಳನ್ನು ಹಿಡಿದೇ ಸಾಕುತ್ತಾರೆ. 2010ರಲ್ಲಿ ಇಲ್ಲಿನ ವಿಜ್ಞಾನಿಗಳು ತೊಟ್ಟಿಯಲ್ಲೇ ಮೊಟ್ಟೆಯಿಂದ ಮೊಟ್ಟೆಯವರೆಗೆ ಸಾಕಿ ತೋರಿಸಿದರು. ಆದರೂ 2014ರಲ್ಲಿ ಜಪಾನಿನ ಹಾವುಮೀನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ಅದಕ್ಕೇ ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ ಮೀನನ್ನು ನಾನು ಕೊಳ್ಳುವುದಿಲ್ಲ. ಅಪರೂಪಕ್ಕೆ ತಿನ್ನಬೇಕು, ಕಸುಬು ಗೊತ್ತಿದ್ದವರ ಕೈಯಿಂದ ತಿನ್ನಬೇಕು.

ಬೇಸಿಗೆಯಲ್ಲಿ, ಅದರಲ್ಲೂ ಇಲ್ಲಿ ಎಲ್ಲರೂ ಹಾವುಮೀನು ತಿನ್ನುವ ಜುಲೈ ತಿಂಗಳ ವಿಶೇಷ ದಿನ, ನೂಕುನುಗ್ಗಲು ಇರುತ್ತದೆ. ನೀನು ಬರುವುದು ಅಕ್ಟೋಬರಿನಲ್ಲಿ, ಚಿಂತೆಯಿಲ್ಲ. ಆದರೂ ಹನ್ನೊಂದರೊಳಗೆ ತಲುಪು. ಮೀನು ಮುಗಿದರೆ ಅಂಗಡಿ ಮುಚ್ಚಿಬಿಡುತ್ತಾರೆ. ವಿಮಾನದ ಸಮಯ ತಿಳಿಸು, ನಾನೂ ರಜೆ ಹಾಕಿ ಸ್ಟೇಷನ್ನಿಗೆ ಬರುತ್ತೇನೆ.

ನಿನ್ನ ಗೆಳೆಯ